ತೊಗಟೆ ತಾನೇ ಉದುರಲಿ

ಆಗಷ್ಟೇ ಬೆಳಕು ಹರಿದಿದೆ. ಚಿತ್ರದುರ್ಗದ ಹೊರವಲಯದ ಕಲ್ಯಾಣ ಮಂಟಪವೊಂದರ ತೋಟದಲ್ಲಿ ತಿಪ್ಪಮ್ಮ ಪೊರಕೆ ಹಿಡಿದು ಬಾಗಿದ್ದಾರೆ. ಚೆಂದಕ್ಕೆಂದು ಸಾಲಾಗಿ ನೆಟ್ಟ ನೀಲಗಿರಿ ಮರಗಳು ಬೇಸಿಗೆ ಬಂತೆಂದರೆ ಹಳೆ ತೊಗಟೆ ಕಳಚುತ್ತವೆ. ಅತಿಥಿಗಳು ಬರುವ ಮುನ್ನ ನೆಲ ಚೊಕ್ಕವಾಗಬೇಕು. ಒಂದು ಕಡೆ ಗುಡಿಸುವಷ್ಟರಲ್ಲಿ ಇನ್ನೊಂದು ಕಡೆ ಉದ್ದನೆಯ ಸೀಳೊಂದು ಜಾರಿ ಬೀಳುತ್ತದೆ.

"ಬೀಳ್ಲಿ ಬಿಡ್ರಿ. ಬೀಳಾದು ಅದರ ಗುಣ, ಗುಡ್ಸಾದು ನನ್ ಕೆಲ್ಸ," ಎನ್ನುತ್ತಾರೆ.

ಈ ಕೆಲಸ ಮೊದಲು ಅವರ ಗಂಡ ಪರಮೇಶ್ ಅವರದು. ಕೆಲ ವರ್ಷಗಳ ಹಿಂದೆ, ಮದುವೆಯೊಂದರ ಮುನ್ನಾದಿನ, ಜೋತುಬಿದ್ದ ತೊಗಟೆ ಫೋಟೊದಲ್ಲಿ ಅಸಹ್ಯವಾಗಿ ಕಾಣುತ್ತದೆ, ಎಲ್ಲ ಕಿತ್ತುಹಾಕು ಎಂದರು ಮ್ಯಾನೇಜರ್. ಪರಮೇಶ್ ಏಣಿ ಹತ್ತಿದರು. ಎತ್ತರದ ಸೀಳೊಂದನ್ನು ಎರಡೂ ಕೈಯಲ್ಲಿ ಜಗ್ಗಿದಾಗ ಅದು ಒಮ್ಮೆಲೇ ಕಿತ್ತುಬಂತು. ಅವರೂ ಅದರೊಂದಿಗೇ ಬಿದ್ದರು. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು. ಮರುದಿನ ಅದೇ ಮರದ ಕೆಳಗೆ ಮದುಮಕ್ಕಳ ಫೋಟೊ ತೆಗೆದರು.

ಈಗ ತಿಪ್ಪಮ್ಮ ಗಂಡನ ಮೈ ಒರೆಸಿ, ಮಗ್ಗುಲು ತಿರುಗಿಸಿ ಮಲಗಿಸಿ, ಜೋಗಿಮಟ್ಟಿ ರಸ್ತೆಯ ಮನೆಯಿಂದ ನಡೆದೇ ಬರುತ್ತಾರೆ. "ಅಲ್ಲಿಗೇ ಯಾಕ್ ಹೋಗ್ತಿ ಅಂತ ಅವ್ರು ಅಳ್ತಾರೆ. ಬ್ಯಾರೆ ಎಲ್ಲೈತ್ರಿ ಕೆಲ್ಸ?"

ಕಳೆದ ಬೇಸಿಗೆಯಲ್ಲಿ ಮತ್ತದೇ ಹುಕುಂ ಬಂತು. ಈ ಸಲ ಮರಕ್ಕೆ ಏಣಿ ಒರಗಿಸಿದವನು ಹೊಸದಾಗಿ ಸೇರಿದ್ದ ಧರ್ಮಪುರದ ಯುವಕ ಎರ್ರಿಸ್ವಾಮಿ. ತಿಪ್ಪಮ್ಮ ಪೊರಕೆ ಬಿಸಾಡಿ ಬಂದು ಏಣಿಯ ಕೆಳಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಏಳಮ್ಮ ಮೇಲೆ," ಎಂದರು ಮ್ಯಾನೇಜರ್.

"ಏಳಲ್ಲ ಸಾರ್. ಸ್ವಲ್ಪ ದಿನ ತಡ್ಕಳ್ರಿ, ತಾನೇ ಉದುರ್ತೈತೆ."

"ಹಂಗಾದ್ರೆ ನಾಳೆಯಿಂದ ಬರಬೇಡ."

"ಬರಲ್ಲ. ಈ ಹುಡುಗನ್ನ ಮಾತ್ರ ಹತ್ತಿಸಬ್ಯಾಡ್ರಿ."

ಏಣಿ ಒಳಗೆ ಹೋಯಿತು, ತಿಪ್ಪಮ್ಮನ ಕೆಲಸವೂ ಹೋಯಿತು. ಮಳೆಗಾಲವಿಡೀ ತುರುವನೂರು ಕಡೆಯ ಹೊಲಗಳಲ್ಲಿ ಕಳೆ ಕಿತ್ತರು. ಗಂಡನ ಬೆನ್ನಿನ ಹುಣ್ಣಿಗೆ ಮುಲಾಮು ತರಲಾಗದ ದಿನಗಳಿದ್ದವು. ಗುಡಿಸುವ ಕೆಲಸಕ್ಕೆ ಬೇರೆ ಯಾರೂ ನಿಲ್ಲದ್ದರಿಂದ ಮಂಟಪದವರು ಮತ್ತೆ ಕರೆಸಿಕೊಂಡರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ.

ಹುಣ್ಣು ಇನ್ನೂ ವಾಸಿಯಾಗಿಲ್ಲ. ಪರಮೇಶ್‌ಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಭರವಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ ವೈದ್ಯರು. ಅದನ್ನು ಹೇಳುವಾಗಲೂ ತಿಪ್ಪಮ್ಮನ ಕೈ ನಿಲ್ಲುವುದಿಲ್ಲ. ಗುಡ್ಡೆ ಹಾಕಿದ ತೊಗಟೆಯನ್ನು ಚೀಲಕ್ಕೆ ತುಂಬಿ, ಅದರ ಬಾಯಿ ಕಟ್ಟುತ್ತಾರೆ.

"ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಎರ್ರಿಸ್ವಾಮಿ ಹೆಂಡ್ತಿ ಸಿಕ್ಕಿದ್ಲು. ಹಸಿಗೂಸನ್ನ ನನ್ ಕೈಗೆ ಕೊಟ್ಲು. ಬಸ್ ಬರಗಂಟ ಎತ್ಕಂಡಿದ್ದೆ."