ತಲೆದಿಂಬಿನ ಪಕ್ಕದ ತೂತು

ಲಿಂಗಸುಗೂರಿನಲ್ಲಿ ನೀರಿನ ಟಾಕಿ ರಿಪೇರಿ ಮಾಡುವ ಅಂಗಡಿಯ ಮುಂದೆ ನಿಂತಿದ್ದೆ. ನಮ್ಮ ಆಫೀಸಿನ ಮಾಳಿಗೆ ಮೇಲಿನ ಟಾಕಿ ಸೀಳಿತ್ತು, ತೇಪೆ ಹಾಕುವವನನ್ನು ಕರೆತರುವ ಕೆಲಸ ಎಂದಿನಂತೆ ನನ್ನ ತಲೆಗೇ ಬಂದಿತ್ತು. ಅಂಗಡಿಯವನು ಒಂದು ಡಬ್ಬಿಯ ಮುಚ್ಚಳ ತೆಗೆದ. ಬಂತು ನೋಡಿ ಆ ವಾಸನೆ… ಮೂಗಿನ ಮೂಲಕ ನೆತ್ತಿಗೆ ಏರುವ ಫೈಬರ್ ರೆಸಿನ್ ವಾಸನೆ. ಕಣ್ಣಲ್ಲಿ ನೀರು ಬಂತು.

"ಮೇಡಮ್ಮರ, ಜರಾ ದೂರ ನಿಂದರ್ರಿ, ಕಣ್ಣು ಉರಿತಾವ" ಎಂದ ಅವನು.

ಉರಿಗೆ ಬಂದ ನೀರೋ, ಬೇರೆ ಯಾತಕ್ಕೆ ಬಂದದ್ದೋ ನನಗೇ ತಿಳಿಯಲಿಲ್ಲ. ಸಿಂಧನೂರಿನ ನಮ್ಮ ಓಣಿಯ ಡ್ರೈವರ್ ಮಾಮಾ ನೆನಪಾಗಿದ್ದರು.

ಮಾಮಾ ಎಂದರೆ ರಕ್ತಸಂಬಂಧವೇನೂ ಅಲ್ಲ. ಗೋಡೆಗೆ ಗೋಡೆ ಹಚ್ಚಿದ ಮನೆ, ಅಷ್ಟೇ. ಅವರ ಹೆಂಡತಿಯನ್ನು ಅತ್ತಿ ಎಂದು ಕರೆಯುತ್ತಿದ್ದೆ. ನಾವು ಬುದ್ಧನ ಮುಂದೆ ಮೇಣದಬತ್ತಿ ಹಚ್ಚುವ ಮಂದಿ. ಅತ್ತಿ ಅಮಾವಾಸ್ಯೆ ತಪ್ಪದೆ ಕೆಂಡದ ಮೇಲೆ ಲೋಬಾನ ಹಾಕಿ ಮೂಲೆ ಮೂಲೆಗೂ ಧೂಪ ತೋರಿಸುವವರು. ಅವರ ಮನೆಯ ಹೊಗೆ ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಮನೆಯ ಜಗಳ ಅವರ ಮನೆಗೆ ಕೇಳುತ್ತಿತ್ತು. ಒಟ್ಟಿನಲ್ಲಿ ಚೆನ್ನಾಗಿಯೇ ಇದ್ದೆವು.

ಮಾಮಾ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಸರ್ವಿಸಿನ ಬಹುಪಾಲು ನೈಟ್ ಹಾಲ್ಟ್ ಗಾಡಿ. ಸಂಜೆ ಯಾವುದೋ ಹಳ್ಳಿಗೆ ಬಸ್ಸು ಒಯ್ದು ನಿಲ್ಲಿಸಿ, ಅದರಲ್ಲೇ ಹಿಂದಿನ ಉದ್ದ ಸೀಟಿನ ಮೇಲೆ ಮಲಗಿ, ಬೆಳಗಿಗೆ ಅದೇ ಬಸ್ಸನ್ನು ಮೊದಲ ಗಾಡಿಯಾಗಿ ಹೊರಡಿಸುವುದು. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಅತ್ತಿ ಒಬ್ಬರೇ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಮಾಮಾ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಗಾಡಿಯಲ್ಲಿದ್ದರು. ನಾನು ಓಡಿ ಬರುವುದು ಕನ್ನಡಿಯಲ್ಲಿ ಕಂಡರೂ ಹಾರ್ನ್ ಹೊಡೆದು ಗಾಬರಿ ಮಾಡಿ, ಹತ್ತಿದ ಮೇಲೆ ನಗುತ್ತಿದ್ದರು.

ನಿವೃತ್ತಿಯಾಯಿತು. ಹಾರ ಹಾಕಿದರು, ಶಾಲು ಹೊದಿಸಿದರು, ಮಾಮಾ ಮನೆಗೆ ಬಂದರು. ಅವತ್ತಿನಿಂದ ಅವರಿಗೆ ನಿದ್ದೆ ಹೋಯಿತು. ಹೋಯಿತು ಎಂದರೆ ಪೂರಾ ಹೋಯಿತು. ಮಂಚ, ಚಾಪೆ, ಮಾಳಿಗೆ, ಬೇವಿನ ಗಿಡದ ಬುಡ… ಎಲ್ಲಿ ಮಲಗಿದರೂ ಅಷ್ಟೇ. ಮುಖ ಒಣಗಿತು, ಕಣ್ಣು ಒಳಗೆ ಹೋದವು. ಚಹಾಕ್ಕೆ ಉಪ್ಪು ಹಾಕಿಕೊಂಡು ಅರ್ಧ ಕುಡಿದ ಮೇಲೆ ಗೊತ್ತಾಗುವಷ್ಟು ಮಂಕಾದರು.

"ಏನ್ ಮಾಡ್ಲೆವ್ವಾ, ಕಣ್ಣಿಗೆ ಕಣ್ಣು ಹತ್ತವಲ್ದು" ಎಂದರು ಒಮ್ಮೆ. "ದವಾಖಾನಿ ಗುಳಿಗಿ ತಗೊಂಡ್ರ ತಲಿ ಭಾರ ಆಗತೈತಿ, ನಿದ್ದಿ ಮಾತ್ರ ಇಲ್ಲ. ಗಾಡ್ಯಾಗ ಆಗಿದ್ರ ಬಿದ್ದ ಕೂಡ್ಲೆ ಮಲಗತಿದ್ನಿ."

ಅತ್ತಿಯ ಗೋಳು ಬೇರೆ. "ನೀನ ನೋಡವಾ, ಮನುಷ್ಯಾ ಹಿಂಗ ಕರಗಾಕತ್ತಾರ. ಇಷ್ಟ ವರ್ಷ ಮನ್ಯಾಗ ಇರಲಿಲ್ಲ ಅಂತ ಅಳತಿದ್ನಿ. ಈಗ ಮನ್ಯಾಗ ಅದಾರ, ಹಿಂಗ ಆದ್ರ ಉಳಿತಾರೋ ಇಲ್ಲೋ ಅನಸಾಕತ್ತೈತಿ."

ಆಮೇಲೆ ಒಂದು ದಿನ ಮಾಮಾನ ಅಂಗಳಕ್ಕೆ ಹಳೆಯ ಚೋಟಾ ಹಾಥಿ, ಅಂದರೆ ಸಣ್ಣ ಸರಕಿನ ಗಾಡಿಯೊಂದು ಬಂತು. ಹಿಂದಿನ ಡಬ್ಬಿ ಇಲ್ಲ, ಬರೀ ಮುಂದಿನ ಕ್ಯಾಬಿನ್ ಮತ್ತು ಚೌಕಟ್ಟು. ಅದರ ಹಿಂದೆಯೇ ಟ್ರ್ಯಾಕ್ಟರಿನಲ್ಲಿ ಅಗಲ ಅಗಲ ಬಿಳಿ ಹಲಗೆಗಳು ಬಂದವು. ಎರಡು ಕಡೆ ತೆಳ್ಳಗಿನ ಫೈಬರ್ ಹಾಳೆ, ನಡುವೆ ಗಟ್ಟಿ ಹಳದಿ ಫೋಮು, ಥೇಟ್ ಕ್ರೀಮ್ ಬಿಸ್ಕತ್ತು. ಲಿಂಗಸುಗೂರಿನಲ್ಲಿ ಐಸ್‌ಕ್ರೀಮ್ ಗಾಡಿಗೆ ಪೆಟ್ಟಿಗೆ ಕಟ್ಟುವ ಅವರ ಗೆಳೆಯ ಕೊಡಿಸಿದ್ದನಂತೆ. ಆ ಹಲಗೆಗಳಿಂದ ಗಾಡಿಯ ಮೇಲೊಂದು ಮಲಗುವ ಕೋಣೆ ಕಟ್ಟುತ್ತೇನೆ, ಗಾಡಿಯಲ್ಲಾದರೆ ನಿದ್ದೆ ಬಂದೇ ಬರುತ್ತದೆ ಎಂದರು ಮಾಮಾ.

ನನಗೆ ತಲೆಬುಡ ತಿಳಿಯಲಿಲ್ಲ. ಸಿಮೆಂಟಿನ ಮನೆಯಿದೆ, ಫ್ಯಾನಿದೆ, ಮಂಚವಿದೆ. ಅಂಗಳದಲ್ಲಿ ಬಿಸ್ಕತ್ತಿನ ಮನೆ ಯಾಕೆ?

"ನಿಮಗ ಬಸ್ಸ ಬೇಕಾಗಿದ್ರ ಒಂದು ಹಳೇ ಬಸ್ಸ ತಂದು ನಿಲ್ಲಸಬೇಕಿತ್ತು ಮಾಮಾ" ಎಂದೆ.

"ತಗಡಿನ ಬಸ್ಸ, ಬ್ಯಾಸಿಗ್ಯಾಗ ಒಲಿ ಆಗತೈತಿ. ನಿಮ್ಮತ್ತಿ ಅದರಾಗ ಬರ್ತಾಳೇನು? ಈ ಫೋಮಿನಾಗ ಬಿಸಲು ಒಳಗ ಬರಂಗಿಲ್ಲ."

ನಿದ್ದೆ ಬೇಕಾದದ್ದು ಇವರಿಗೆ, ತಂಪು ಬೇಕಾದದ್ದು ಅತ್ತಿಗೆ. ಹಾಗಾದರೆ ಕಟ್ಟುವುದು ಯಾರಿಗಾಗಿ? ಕೇಳಿದರೆ ಮಾಮಾ ಕೆಲಸಕ್ಕೆ ಬಾಗಿಬಿಟ್ಟರು.

ಅಂಗಳ ತುಂಬ ಫೋಮಿನ ಪುಡಿ ಹಾರತೊಡಗಿತು, ಸಜ್ಜಿ ಹಿಟ್ಟು ಚೆಲ್ಲಿದ ಹಾಗೆ. ಫೈಬರ್ ಕತ್ತರಿಸಿದ ದಿನ ಮಾಮಾ ಮೈಯೆಲ್ಲ ಕೆರೆದುಕೊಂಡು ಕುಣಿಯುತ್ತಿದ್ದರು, ಅತ್ತಿ ಕೊಬ್ಬರಿ ಎಣ್ಣೆ ಹಿಡಿದು ಬೈಯುತ್ತಾ ಹಿಂದೆ ಹಿಂದೆ. ಬಾಗಿಲಿನ ಬಿಜಾಗರಿಗೆ ಬೋಲ್ಟು ಹಾಕುವಾಗ ಬಸ್ಸಿನ ಚಕ್ರಕ್ಕೆ ಬಿಗಿಯುವಂತೆ ಬಿಗಿದರು. ಕರ್ ಎಂದು ಹಲಗೆ ಒಳಗೆ ಕುಸಿಯಿತು. ಫೋಮನ್ನು ಕೊರೆದು ಕಟ್ಟಿಗೆಯ ತುಂಡು ಕೂರಿಸಿ, ಅದಕ್ಕೆ ಬೋಲ್ಟು ಹಾಕಬೇಕು ಎಂದು ಆ ಗೆಳೆಯ ಫೋನಿನಲ್ಲಿ ಹೇಳಿದ. ಮೂಲೆಗಳಿಗೆ ಫೈಬರ್ ಬಟ್ಟೆ ಅಂಟಿಸಿ ರೆಸಿನ್ ಬಳಿದರು. ಗಟ್ಟಿಯಾಗುವಾಗ ರೆಸಿನ್ ತಾನೇ ಬಿಸಿಯಾಗುತ್ತದೆ, ನನಗದು ಗೊತ್ತಿರಲಿಲ್ಲ. ಮಾಮಾ ನನ್ನ ಕೈ ಹಿಡಿದು ಅದರ ಮೇಲಿಟ್ಟರು.

"ಮುಟ್ಟಿ ನೋಡು, ಜ್ವರ ಬಂದಂಗ ಐತಿ" ಎಂದು ಹುಡುಗರಂತೆ ನಕ್ಕರು.

ಓಣಿಯ ಜನಕ್ಕೆ ಬೇರೆ ಕೆಲಸವೇ ಇರಲಿಲ್ಲ. ಐಸ್‌ಕ್ರೀಮ್ ಮಾರ್ತೀರೇನು ಎಂದವರು ಎಷ್ಟೋ ಜನ. ಸಾಲಗುಂದದಿಂದ ಬಂದ ಒಬ್ಬ ಪರಿಚಯದವನು ಸುತ್ತಲೂ ತಿರುಗಿ ನೋಡಿ, "ಹೆಣಾ ಇಡೂ ಪೆಟಗಿ ಏನ್ರೀ? ನಮ್ಮ ಕಡೆ ಬಾಡಗಿಗೆ ಬೇಕಾಗತೈತಿ" ಎಂದ. ಅತ್ತಿ ಕಸಬರಿಗೆ ತೆಗೆದುಕೊಂಡರು. ಪುಣ್ಯಾತ್ಮ ಚಹಾ ಕುಡಿಯದೆ ಓಡಿದ.

ಕೊನೆಗೆ ಕೋಣೆ ಮುಗಿಯಿತು. ಒಂದು ಮಧ್ಯಾಹ್ನ ಹಾಸಿಗೆ ಹಾಸಿ ಮಾಮಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಹಂಚು ಕಾಯುವ ಬಿಸಿಲು. ನಾನು, ಅತ್ತಿ ಗಿಡದ ಕೆಳಗೆ ಉಸಿರು ಬಿಗಿಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

"ತಂಪೇನೋ ಐತಿ" ಎಂದರು ಮಾಮಾ. "ಆದ್ರ ಏನೂ ಕೇಳಸಂಗಿಲ್ಲ. ಕಿವ್ಯಾಗ ಹತ್ತಿ ತುರುಕಿದಂಗ… ನನ್ನ ಎದಿ ಬಡಿಯೂದು ನನಗ ಕೇಳತೈತಿ."

ಬಿಸಿಲನ್ನು ತಡೆಯುವ ಫೋಮು ಸಪ್ಪಳವನ್ನೂ ತಡೆದಿತ್ತು. ಅಷ್ಟು ದಿನ ದುಡಿದ ಮನುಷ್ಯ ಮೆಟ್ಟಿಲ ಮೇಲೆ ಕುಸಿದು ಕೂತರು. ನನಗೆ ಅಯ್ಯೋ ಎನ್ನಿಸಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು, ಫೋಮಿನ ಮೇಲೋ?

ಅತ್ತಿಗೆ ಮಾತ್ರ ಗೊಂದಲವೇ ಇರಲಿಲ್ಲ. "ಹಾಲು ಉಕ್ಕಿಸಿಲ್ಲ, ಧೂಪ ಹಾಕಿಲ್ಲ. ಅಂಥಾ ಮನ್ಯಾಗ ನಿದ್ದಿ ಹೆಂಗ ಬರಬೇಕು?" ಎಂದರು. ಗಾಡಿಗೆ ಗೃಹಪ್ರವೇಶವೇ! ಮಾಮಾ ಒಪ್ಪಿದರು, ಆದರೆ ಒಂದೇ ಮಾತು: "ಒಳಗ ಬೆಂಕಿ ಒಯ್ಯಬ್ಯಾಡ. ಫೋಮು ಉರಿದು ಹೋಗತೈತಿ."

ಗಾಡಿಗೆ ಬಾಳೆಕಂಬ ಕಟ್ಟಿದರು. ತುರ್ವಿಹಾಳಕ್ಕೆ ಕೊಟ್ಟ ಮಗಳು ಬಂದಳು. ಗಿಡದ ಕೆಳಗೆ ಒಲೆ ಹೂಡಿ ಹಾಲು ಉಕ್ಕಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಮಾಮಾ ಬಂದವರಿಗೆ ಚಹಾ ಕೊಡುವಾಗ ಅತ್ತಿ ಸದ್ದಿಲ್ಲದೆ ಧೂಪದ ಪಾತ್ರೆಗೆ ಕೆಂಡ ತುಂಬಿ, ಲೋಬಾನ ಹಾಕಿ, ಒಳಗೆ ಒಯ್ದು ತಲೆದಿಂಬಿನ ಹತ್ತಿರ ಗೋಡೆಗೆ ತಾಗಿಸಿ ಇಟ್ಟುಬಿಟ್ಟರು. ಧೂಪ ಕಾಣದ ಮೂಲೆ ಮೂಲೆಯೇ ಅಲ್ಲ ಅವರಿಗೆ. ಬರುಬರುತ್ತಾ ಹೊಗೆ ಹೆಚ್ಚಾಯಿತು. ಅದು ಲೋಬಾನದ ವಾಸನೆ ಅಲ್ಲ ಎಂದು ಮೊದಲು ಕಂಡುಹಿಡಿದವಳು ನಾನು. "ಅತ್ತಿ, ಗೋಡಿ ಸುಡಾಕತ್ತೈತಿ!" ಎಂದು ಒದರಿದೆ.

ಮಾಮಾ ಕೊಡದ ನೀರು ಸುರಿದರು. ಒಳಗಿನ ಫೈಬರ್ ಸುಟ್ಟು, ಫೋಮು ಕರಿ ಕಟ್ಟಿ ಸುರುಟಿತ್ತು. ಕಿಡಿ ಉಳಿದಿದೆಯೇನೋ ಎಂದು ಕಬ್ಬಿಣದ ಸಲಾಕೆಯಿಂದ ತಿವಿದರು. ಸಲಾಕೆ ಆಚೆ ಬಂತು. ಮುಷ್ಟಿ ಹಿಡಿಸುವಷ್ಟು ತೂತು. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನಾನಾಗಿದ್ದರೆ ಕೂಗಾಡಿ ಓಣಿ ಎಬ್ಬಿಸುತ್ತಿದ್ದೆ. ಮಾಮಾ, "ಅಳಬ್ಯಾಡ, ಬಿಡು. ತ್ಯಾಪಿ ಹಾಕಿದ್ರಾತು" ಎಂದರು, ಅಷ್ಟೇ.

ತೇಪೆ ಹಾಕಿಸಲು ರಜೆಯ ದಿನ ಲಿಂಗಸುಗೂರಿನ ಗೆಳೆಯನ ಹತ್ತಿರ ಹೊರಟೆವು. ಸ್ಟಿಯರಿಂಗ್ ಹಿಡಿದಾಗ ಮಾತ್ರ ಮಾಮಾ ಮೊದಲಿನ ಮಾಮಾ ಆಗಿದ್ದರು. ಮಸ್ಕಿಯಲ್ಲಿ ಬಸ್‌ಸ್ಟ್ಯಾಂಡ್ ದಾಟಿ ಮರದ ನೆರಳಿಗೆ ಗಾಡಿ ನಿಲ್ಲಿಸಿ ರೊಟ್ಟಿ, ಪುಂಡಿಪಲ್ಯ ಬಿಚ್ಚಿದೆವು. ಊಟವಾದ ಮೇಲೆ ಮಾಮಾ "ಜರಾ ಬೆನ್ನು ಹಾಸ್ತೀನಿ" ಎಂದು ಒಳಗೆ ಅಡ್ಡಾದರು. ತೂತಿನ ಆಚೆ ರಸ್ತೆ. ಲಾರಿಗಳ ಹಾರ್ನು, ಸೌತೆಕಾಯಿ ಮಾರುವವಳ ಕೂಗು, ಕಂಡಕ್ಟರನ "ಲಿಂಗಸ್ಗೂರ್, ಲಿಂಗಸ್ಗೂರ್"… ಎಲ್ಲ ಆ ತೂತಿನಿಂದ ನೇರವಾಗಿ ಅವರ ಕಿವಿಗೆ. ಅತ್ತಿ ಕಾಲ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ನಾನು ಕೈ ತೊಳೆದು ಬರುವಷ್ಟರಲ್ಲಿ ಅತ್ತಿ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಗೊರಕೆ! ಎಂಥ ಗೊರಕೆ ಅಂತೀರಿ, ಘಟ್ಟ ಹತ್ತುವ ಲಾರಿಯಂತೆ. ಬಾಯಿ ತೆರೆದು, ಕೈಕಾಲು ಚೆಲ್ಲಿ, ಮಗುವಿನ ಹಾಗೆ.

"ಇವರು ಹಿಂಗ ಮಲಗತಾರ ಅಂತ ನನಗ ಗೊತ್ತೇ ಇರಲಿಲ್ಲವಾ" ಎಂದು ಅತ್ತಿ ಪಿಸುಗುಟ್ಟಿದರು. "ಇಂಥಾ ನಿದ್ದಿ ಎಲ್ಲಾ ಬಸ್ಸಿಗೇ ಕೊಟ್ಟಾರ ನೋಡು."

ಹೊತ್ತು ಇಳಿಯುವವರೆಗೂ ನಾವು ಅವರನ್ನು ಎಬ್ಬಿಸಲಿಲ್ಲ. ಲಿಂಗಸುಗೂರಿಗೆ ಹೋಗಲೂ ಇಲ್ಲ.

ಆಮೇಲೆ ಆ ತೂತು ಹಾಗೆಯೇ ಉಳಿಯಿತು. ಮಾಮಾ, ಅತ್ತಿ ಇಬ್ಬರೂ ಗಾಡಿಯಲ್ಲೇ ಮಲಗತೊಡಗಿದರು. ಒಮ್ಮೆ ಅಂಗಳದಲ್ಲಿ, ಒಮ್ಮೆ ಕೆನಾಲ್ ದಂಡೆಯ ಮೇಲೆ, ಒಮ್ಮೆ ಮಸ್ಕಿ ಗುಡ್ಡದ ಬುಡದಲ್ಲಿ. ಮಾಮಾನ ಮುಖಕ್ಕೆ ಕಳೆ ಬಂತು. ಯಾವುದರಿಂದ ನಿದ್ದೆ ಬಂತು? ತೂತಿನಿಂದ ಬಂದ ಸಪ್ಪಳದಿಂದ ಎನ್ನುತ್ತಿದ್ದೆ ನಾನು. ಧೂಪ ಹಾಕಿದ್ದರಿಂದ ಎನ್ನುತ್ತಿದ್ದರು ಅತ್ತಿ. ಆದರೆ ಅಂಗಳದಲ್ಲಿ ನಿಲ್ಲಿಸಿದಾಗ ರಾತ್ರಿ ಅಲ್ಲೇನು ಸಪ್ಪಳವಿತ್ತು, ಅತ್ತಿಯ ಬಳೆ ಸಪ್ಪಳ ಬಿಟ್ಟು… ಮಾಮಾನನ್ನೇ ಕೇಳಿದರೆ, "ಬಂತಲ್ಲ, ಸಾಕು ಬಿಡವಾ" ಎಂದು ನಗುತ್ತಿದ್ದರು. ಇವತ್ತಿಗೂ ನನಗೆ ಅದು ಬಗೆಹರಿದಿಲ್ಲ.

ಕಳೆದ ಬೇಸಿಗೆಯಲ್ಲಿ ಮಾಮಾ ಹೋದರು. ಬೆಳಗಿನ ಚಹಾ ಕುಡಿಯುತ್ತಾ ಎದೆ ಹಿಡಿದುಕೊಂಡರು, ಅಷ್ಟೇ ಆದದ್ದು. ಅತ್ತಿ ಹೆಚ್ಚು ಅಳಲೂ ಇಲ್ಲ. ಮಗಳು ತುರ್ವಿಹಾಳಕ್ಕೆ ಕರೆದರೂ ಹೋಗದೆ ಗಾಡಿಯಲ್ಲೇ ಮಲಗುತ್ತಿದ್ದರು. ಇತ್ತೀಚೆಗೆ ಮಾತ್ರ, ಮಳೆ ನೀರು ತೂತಿನಿಂದ ಬಂದು ದಿಂಬು ನೆನೆಯುತ್ತದೆ, ಯಾರಾದರೂ ಮುಚ್ಚಿಕೊಟ್ಟರೆ ಚೆನ್ನಾಗಿತ್ತು ಎಂದಿದ್ದರು.

ಅದಕ್ಕೇ ಆ ದಿನ ಟಾಕಿಯವನಿಂದ ಒಂದು ಸಣ್ಣ ಡಬ್ಬಿ ರೆಸಿನ್, ತುಂಡು ಫೈಬರ್ ಬಟ್ಟೆ ತಂದೆ. ಮಾಮಾ ಮಾಡುತ್ತಿದ್ದದ್ದನ್ನು ನೋಡಿದ್ದೆನಲ್ಲ, ಯಾರ ಹಂಗೂ ಬೇಡ ಎಂದು ನಾನೇ ಕೂತೆ. ತೂತಿಗೆ ಉಳಿದ ಫೋಮಿನ ತುಂಡು ಗಿಡಿದು, ಆಚೆ ಈಚೆ ಬಟ್ಟೆ ಅಂಟಿಸಿ ರೆಸಿನ್ ಬಳಿದೆ. ಕೈಯೆಲ್ಲ ಅಂಟು. ನನ್ನ ಕೆಲಸಕ್ಕೆ ನಾನೇ ಶಹಬ್ಬಾಸ್ ಎಂದುಕೊಂಡೆ.

ರೆಸಿನ್ ಬಿಗಿಯತೊಡಗಿದ ಮೇಲೆ ಅತ್ತಿ ಒಳಗೆ ಬಂದು ನನ್ನ ಪಕ್ಕ ಕೂತರು. ಬಾಗಿಲು ಎಳೆದುಕೊಂಡರು. ಓಣಿಯ ಗದ್ದಲ ಒಮ್ಮೆಲೇ ನಿಂತಿತು. ನನ್ನ ಎದೆ ಬಡಿಯುವುದು ನನಗೆ ಕೇಳಿಸಿತು.

ಅತ್ತಿ ದಿಂಬಿನ ಮೇಲೆ ಬಿದ್ದ ಫೋಮಿನ ಪುಡಿ ಕೊಡವಿದರು.

"ಈಗ ಖರೇ ಅನಸ್ತು ನೋಡವಾ, ಅವರು ಹೋದ್ರಂತ" ಎಂದರು.

ಮುಚ್ಚಿದ್ದು ಸರಿಯಾಯಿತೋ, ಮುಚ್ಚಬಾರದಿತ್ತೋ… ಬೇಕಾದರೆ ಮತ್ತೆ ಕೊರೆಸುತ್ತೇನೆ ಎಂದೆ. ಅತ್ತಿ ತಲೆ ಅಲ್ಲಾಡಿಸಿದರು. ಕೈ ಚಾಚಿ ದಿಂಬಿನ ಪಕ್ಕದ ತೇಪೆಯ ಮೇಲೆ ಅಂಗೈ ಇಟ್ಟರು.

"ಜ್ವರ ಬಂದಂಗ ಐತಿ" ಎಂದರು.

ಅದು ತಣ್ಣಗಾಗುವ ತನಕ ಕೈ ತೆಗೆಯಲಿಲ್ಲ.