ಉರುಳೆಗೆ ಹಚ್ಚಿದ ಸಿಂಧೂರ

ಪುಣೆಯಲ್ಲಿ ಯಂತ್ರಶಾಸ್ತ್ರವನ್ನು ಓದಿ ಬಂದ ಮೊದಲ ವರ್ಷವೇ ನಾನು ಬಾಗಲಕೋಟೆಯ ಯಂತ್ರಶಾಲೆಯೊಂದರಲ್ಲಿ ನಕಾಶೆ ಬರೆಯುವ ಕೆಲಸಕ್ಕೆ ಸೇರಿದೆ. ಅದರ ಒಡೆಯರು ತಲೆಮಾರುಗಳಿಂದ ಊರಲ್ಲಿ ನೆಲೆನಿಂತ ಮುಸಲ್ಮಾನ ಮನೆತನದ ಉಸ್ತಾದರು. ಅಜ್ಜ ಬಂಡಿಯ ಗಾಲಿಗೆ ಹಳಿ ಕಟ್ಟುತ್ತಿದ್ದ ಕುಲುಮೆಯಲ್ಲಿಯೇ ಮೊಮ್ಮಗ ಗಿರಣಿಗಳಿಗೆ ಯಂತ್ರ ಕಟ್ಟುತ್ತಿದ್ದರು. ವಿಲಾಯತಿಯ ಯಂತ್ರಗಳು ಯಾವುದೋ ಬೇರೆ ಸೀಮೆಯ ಹತ್ತಿಯನ್ನು ನೆನೆದು ಹುಟ್ಟಿದವು. ನಮ್ಮ ಎರೆಹೊಲದ ಹತ್ತಿಯಲ್ಲಿ ಒಣಗಿದ ಎಲೆಯ ಚೂರು ಹೆಚ್ಚು. ಅದು ಸಿಕ್ಕಿಕೊಂಡರೆ ಅವು ಮುನಿದು ನಿಲ್ಲುತ್ತಿದ್ದವು. ಆದ್ದರಿಂದ ಗಿರಣಿಯವರು ತಮ್ಮ ತಮ್ಮ ಅಡಚಣೆಯನ್ನು ಹೊತ್ತು ನಮ್ಮಲ್ಲಿಗೆ ಬರುತ್ತಿದ್ದರು. ಆಯಾ ಅಡಚಣೆಗೆ ತಕ್ಕ ಯಂತ್ರವನ್ನು ನಾವು ಕಟ್ಟಿಕೊಡುತ್ತಿದ್ದೆವು.

ಹುನಗುಂದದ ಗಿರಣಿಯ ಸಾಹುಕಾರರು ಬಂದದ್ದು ಹಾಗೆಯೇ. ನಾನು ಸೇರುವುದಕ್ಕೆ ಮುಂಚೆ ಉಸ್ತಾದರು ಅವರಿಗೆ ಹತ್ತಿ ಹಸನು ಮಾಡುವ ಯಂತ್ರವೊಂದನ್ನು ಕಟ್ಟಿಕೊಟ್ಟಿದ್ದರು. ಒಂದಕ್ಕೊಂದು ಎದುರಾಗಿ ತಿರುಗುವ, ಹಲ್ಲುಳ್ಳ ಎರಡು ಉರುಳೆಗಳು. ಹಿಂದಿನಿಂದ ಹತ್ತಿ ಉಣಿಸಿದರೆ ಕಸ ಕೆಳಗೆ ಉದುರಿ ಅರಳಿದ ಹತ್ತಿ ಮುಂದೆ ಬರುವುದು. ಈಗ ಅಂಥವೇ ಇನ್ನೆರಡು ಬೇಕಾಗಿದ್ದವು.

"ಮೊದಲನೆಯದು ಹೇಗೆ ನಡೆದಿದೆ?" ಎಂದು ಕೇಳಿದೆ.

"ಭಾಳ ಚಂದ ನಡದೈತ್ರಿ. ಮರೋಳದಾಕಿ ಒಬ್ಬಾಕಿ ಬೆರಳ ಕೊಟ್ಲು, ಅದೊಂದ ನೋಡ್ರಿ."

"ಕೊಟ್ಟಳೇ? ಯಾರು ಬೇಡಿದ್ದರು?"

ಸಾಹುಕಾರರು ನನ್ನನ್ನು ನೋಡದೆ ಉಸ್ತಾದರ ಕಡೆಗೆ ತಿರುಗಿದರು. "ಮುಂದ ಕೈ ಹಾಕಬ್ಯಾಡಂತ ಬಡಕೊಂಡ್ರೂ ಹಾಕಿದ್ಲು. ಅಕಿದ ತಪ್ಪು. ಕೆಲಸಾ ಬಿಡಿಸಿ ಕಳಿಸೇನಿ."

ಬೆರಳು ಹೋದವಳೇ ತಪ್ಪಿತಸ್ಥೆ, ಬೆರಳನ್ನು ಕಡಿದ ಯಂತ್ರಕ್ಕೆ ಇನ್ನೆರಡು ತಮ್ಮಂದಿರು! ಈ ನ್ಯಾಯ ನನಗೆ ಒಪ್ಪಿಗೆಯಾಗಲಿಲ್ಲ. ಹುನಗುಂದದ ಕಡೆಗೆ ಹೊರಟಿದ್ದ ಬಂಡಿಯೊಂದನ್ನು ಹತ್ತಿ ಮರೋಳಕ್ಕೆ ಹೋದೆ.

ಆಕೆ ಬೀರಪ್ಪನ ಒಕ್ಕಲಿನ, ಕುರಿ ಸಾಕುವ ಮನೆತನದ ಹೆಣ್ಣುಮಗಳು. ನಡುವಯಸ್ಸು ದಾಟಿತ್ತು. ನಾನು ಯಂತ್ರ ಕಟ್ಟುವವರ ಕಡೆಯವನೆಂದು ತಿಳಿದೊಡನೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಉಳದ ಬೆರಳ ಎಣಿಸಿಕೊಂಡು ಹೋಗಾಕ ಬಂದ್ರೇನ್ರಿ?"

"ತಪ್ಪು ಯಾರದೆಂದು ತಿಳಿಯಲು ಬಂದೆ."

"ತಪ್ಪು ತಗೊಂಡು ನಾ ಏನ್ ಮಾಡ್ಲಿ? ಸುಗ್ಗಿ ಬಂದ್ರ ಗಿರಣಿ ಸುರು ಆಗ್ತೈತಿ. ನನಗ ನನ್ನ ಜಾಗಾ ಬೇಕು. ಅದನ್ನ ಕೊಡಸ್ತೀರೇನು?"

ಪಡಸಾಲೆಯ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲೂ ಕಬ್ಬಿಣದ ಸಲಾಕೆಯೂ ಬಿದ್ದಿದ್ದವು. ಗಿರಣಿಗಳು ಬರುವ ಮೊದಲು ಈ ಸೀಮೆಯ ಹೆಂಗಸರು ಹತ್ತಿ ಬಿಡಿಸುತ್ತಿದ್ದ ಸಾಧನ ಅದು. ಹೇಗೆಂದು ಕೇಳಿದೆ. ಆಕೆ ಮಣೆಯ ಮೇಲೆ ಕುಳಿತು, ಕಲ್ಲಿನ ಮೇಲೆ ಒಂದಿಷ್ಟು ಹತ್ತಿ ಇಟ್ಟು, ಅದರ ಮೇಲೆ ಸಲಾಕೆಯನ್ನು ಅಂಗಾಲಿನಿಂದ ಹೊರಳಿಸಿದಳು. ಹಿಂದೆ ಕಾಳು ಉಳಿಯಿತು. ಮುಂದೆ ಅರಳೆ ಇಣುಕಿತು. ಇಣುಕಿದ್ದೇ ತಡ, ಆಕೆಯ ಬಲಗೈ ಸೆರಗಿನಿಂದ ತಾನೇ ಹೊರಗೆ ಬಂದು ಮುಂದೆ ಚಾಚಿ ಅರಳೆಯನ್ನು ಎಳೆದುಕೊಂಡಿತು. ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು.

ಆ ಕೈಯನ್ನು ನೋಡುತ್ತ ನನಗೆ ಎಲ್ಲವೂ ತಿಳಿಯಿತು. ಇಲ್ಲಿಯ ಹೆಂಗಸರು ಚಿಕ್ಕಂದಿನಿಂದಲೂ ಕಲಿತದ್ದು ಇದೊಂದನ್ನೇ: ಅರಳೆ ಸಿಕ್ಕಿಕೊಂಡರೆ ಮುಂದಿನಿಂದ ಎಳೆ. ನಮ್ಮ ಯಂತ್ರದಲ್ಲಿ ಹತ್ತಿ ಹೊರಬರುವ ಬಾಯಿ ಇದ್ದದ್ದು ಸರಿಯಾಗಿ ಆ ಕೈ ಹೋಗುವ ಜಾಗದಲ್ಲಿ. ಒಂದು ಸೀಮೆಯ ಕೈಗಳೆಲ್ಲ ಒಂದೇ ತಪ್ಪು ಮಾಡುವುದಾದರೆ, ಅದನ್ನು ಒಬ್ಬಳ ತಪ್ಪೆನ್ನಲು ಯಾರಿಗೆ ಹಕ್ಕಿದೆ? ಯಾರ ಕೈಗಾಗಿ ಯಂತ್ರವನ್ನು ಕಟ್ಟುತ್ತೇವೋ ಆ ಕೈಯನ್ನು ನೋಡದೆ ಕಟ್ಟಿದವರು ಉತ್ತರ ಕೊಡುವುದು ಬೇಡವೇ?

ಮರಳಿ ಬಂದವನೇ, ಬಾಯಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಇಲ್ಲದೆ ನಕಾಶೆ ಬರೆಯಲಾರೆನೆಂದು ಹೇಳಿದೆ.

"ನಕಾಶಿ ಬರೀರಿ ಇಂಜಿನೇರ್ ಸಾಹೇಬ್ರ, ಫಿರ್ಯಾದಿ ಬರೀಬ್ಯಾಡ್ರಿ," ಎಂದರು ಉಸ್ತಾದರು. "ಜಾಲರಿ ಹಾಕಿದ್ರ ಕೆಲಸಾ ಮೆತ್ತಗಾಗ್ತೈತಿ ಅಂತಾನ ಸಾಹುಕಾರ. ಅವಗ ಯಾರು ಹೇಳೂದು?"

ಅವರು ಆಗ ಚಕ್ರದ ಅಚ್ಚೊಂದನ್ನು ಅದು ತಿರುಗುವ ಗೂಡಿಗೆ ಕೂರಿಸುತ್ತಿದ್ದರು. ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಅಚ್ಚಿಗೆ ಸವರಿ, ಒಂದು ಸುತ್ತು ತಿರುಗಿಸಿ, ಬಿಚ್ಚಿ ನೋಡುವುದು. ಗೂಡಿನಲ್ಲಿ ಎಲ್ಲಿ ಕೆಂಪು ಹತ್ತಿದೆಯೋ ಅಲ್ಲಿ ತಾಗುತ್ತಿದೆ ಎಂದು ಅರ್ಥ. ನೋಡುತ್ತಿದ್ದಂತೆ ನನಗೊಂದು ವಿಚಾರ ಹೊಳೆಯಿತು. ಇದೇ ಸಿಂಧೂರವನ್ನು ಆ ಉರುಳೆಗಳಿಗೆ ಸವರಿ, ಹೆಂಗಸರಿಂದ ಹತ್ತಿ ಉಣಿಸಿದರೆ?

ಉಸ್ತಾದರು ಕೇಳಿ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟರು. ಆ ಯಂತ್ರವನ್ನು ಕಟ್ಟಿದವರು ಅವರೇ ಅಲ್ಲವೆ! ಕೊನೆಗೆ, "ಕೈಗೆ ಕೆಂಪು ಹತ್ತಿದ್ರ ಜಾಲರಿ ನನ್ನ ಜವಾಬ್ದಾರಿ. ಹತ್ತಲಿಲ್ಲಂದ್ರ ನೀವು ಬಾಯಿ ಮುಚ್ಚಿಕೊಂಡು ನಕಾಶಿ ಬರೀಬೇಕು," ಎಂದರು.

ಸುಗ್ಗಿಗೆ ಮುಂಚೆ ಹುನಗುಂದದ ಗಿರಣಿಯಲ್ಲಿ ಪರೀಕ್ಷೆ ನಡೆಯಿತು. ಯಾರ ಕೈಗೂ ಅಪಾಯವಾಗದಂತೆ ಎಂಜಿನಿನ ಪಟ್ಟಿಯನ್ನು ಕಳಚಿ, ಉರುಳೆಗಳಿಗೆ ಸಿಂಧೂರ ಸವರಿದೆವು.

"ಏನ್ ಉಸ್ತಾದ, ಮಷೀನಿಗೆ ಹನುಮಪ್ಪನ ವೇಷಾ ಹಾಕಾಕತ್ತೀಯಲ್ಲ?" ಎಂದು ಸಾಹುಕಾರರು ನಕ್ಕರು.

ಉಸ್ತಾದರು ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸತೊಡಗಿದರು. ದಿನದಂತೆ ಹತ್ತಿ ಹಾಕಿರೆಂದಷ್ಟೇ ಹೆಂಗಸರಿಗೆ ಹೇಳಿದ್ದೆವು. ಒಬ್ಬೊಬ್ಬರಾಗಿ ಬಂದು ಹಾಕಿದರು, ಒಬ್ಬೊಬ್ಬರಾಗಿ ಅಂಗೈ ತೋರಿಸಿದರು. ಕೆಂಪು ಹತ್ತದ ಕೈ ಒಂದೂ ಇರಲಿಲ್ಲ. ಉಸ್ತಾದರು ತಲೆ ತಗ್ಗಿಸಿದರು.

"ಹೆಂಗಸರಿಗೆ ಎಷ್ಟ್ ಹೇಳಿದ್ರೂ ಅಷ್ಟ. ಸರೀರಿ ಅತ್ತಾಗ," ಎಂದು ಸಾಹುಕಾರರು ತೋಳು ಮೇಲೇರಿಸಿದರು. "ಹಾಕೂದು ಹಿಂಗ, ನೋಡ್ರಿ." ಹತ್ತಿ ಹಾಕಿದರು. ಸಿಕ್ಕಿಕೊಂಡಿತು. ಮಾತಿನ ಭರದಲ್ಲಿ ಅವರ ಎಡಗೈ ಮುಂದಕ್ಕೆ ಚಾಚಿ ಅರಳೆಯನ್ನು ಎಳೆಯಿತು.

ನಾನು ಹೇಳಿಕಳಿಸಿದ್ದರಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮರೋಳದವಳು ಹೇಳಿದಳು: "ನಿಮ್ಮವ್ವ ಕಲ್ಲಿನ ಮುಂದ ಕುಂಡ್ರಿಸಿಕೊಂಡು ಕಲಿಸಿದ್ದು ನೀವೂ ಮರತಿಲ್ಲ ಬಿಡ್ರಿ, ಸಾಹುಕಾರ್ರ."

ಹೆಂಗಸರೆಲ್ಲ ಸೆರಗಿನಲ್ಲಿ ನಕ್ಕರು. ಸಾಹುಕಾರರು ಕೈಯನ್ನು ಧೋತರಕ್ಕೆ ಒರೆಸಿಕೊಂಡರು; ಧೋತರವೂ ಕೆಂಪಾಯಿತು. "ಜಾಲರಿ ಹಾಕು ಉಸ್ತಾದ. ಮೂರಕ್ಕೂ ಹಾಕು."

"ಅಷ್ಟು ಸಾಲದು," ಎಂದೆ ನಾನು. "ಈಕೆಯದು ತಪ್ಪಲ್ಲವೆಂದು ಎಲ್ಲರೆದುರು ಹೇಳಿರಿ."

ಅವರು ಹೇಳಲಿಲ್ಲ. ನಾನು ಮತ್ತೆ ಕೇಳಿದೆ; ಅವರು ಮುಖ ಬಿಗಿದುಕೊಂಡರು. ಆಗ ಆಕೆಯೇ ನಡುವೆ ಬಂದಳು.

"ಆ ಮಾತು ನಿಮಗ ಬೇಕಾದ್ರ ಆಮ್ಯಾಲೆ ಕೇಳ್ಕೋರಿ ಸಾಹೇಬ್ರ. ಸಾಹುಕಾರ್ರ, ಸುಗ್ಗಿಗೆ ನಾ ಬರ್ಲ್ಯೋ ಬ್ಯಾಡೋ?"

"ಬಾ," ಎಂದರು ಅವರು, ಬೇರೆ ಕಡೆ ನೋಡುತ್ತ.

ಸುಗ್ಗಿಯಲ್ಲಿ ನಾನು ಹೋದಾಗ ಆಕೆ ತನ್ನ ಜಾಗದಲ್ಲಿದ್ದಳು. ಹತ್ತಿ ಸಿಕ್ಕಿಕೊಂಡಾಗಲೆಲ್ಲ ಆ ಕೈ ಹಳೆಯ ಹಾದಿ ಹಿಡಿದು ಮುಂದೆ ಹೋಗಿ, ಜಾಲರಿಗೆ ಬಡಿದು ಹಿಂದಿರುಗುತ್ತಿತ್ತು. ಸಾಹುಕಾರರು ಹೇಳದ ಆ ಮಾತನ್ನು ನಾನು ಇನ್ನೂ ಬಿಟ್ಟುಕೊಟ್ಟಿಲ್ಲ; ಎದುರಾದಾಗಲೆಲ್ಲ ಕೇಳುತ್ತೇನೆ. ಅಂದು ಮಾತ್ರ ಕೇಳದೆ ಆಕೆಯ ಬಳಿ ನಿಂತಿದ್ದೆ.

"ಭಾಳ ಅಡ್ಡ ಬರ್ತೈತ್ರಿ ಇದು," ಎಂದು ಆಕೆ ಗೊಣಗಿದಳು. "ಒಂದೀಟು ಸರಸ್ರಿ."

"ಸರಿಸುವುದಿಲ್ಲ," ಎಂದೆ.

"ಹಟಮಾರಿ ಅದೀರಿ ಬಿಡ್ರಿ," ಎಂದು ಆಕೆ ಮತ್ತೊಂದು ಹಿಡಿ ಹತ್ತಿ ತೆಗೆದುಕೊಂಡಳು.