ಗೌತಮಿಯ ಹಳದಿ ವೈರು

ಗೌತಮಿಯನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಕೆಗೆ ಇಪ್ಪತ್ತೇಳು, ನನಗೆ ಐವತ್ತೊಂದು. ಆಕೆ ಸ್ಟೇಷನ್ ರಸ್ತೆಯ ಸಣ್ಣದೊಂದು ಕೇಬಲ್ ಅಂಗಡಿಯಿಂದ ಮನೆಮನೆಗೆ ಇಂಟರ್‌ನೆಟ್ ರಿಪೇರಿಗೆ ಹೋಗುವವಳು. ನಾನು ಕಾಲೇಜು ಗುಮಾಸ್ತ. ಆದರೂ ಉರಿಯುತ್ತದೆ. ಏಕೆಂದರೆ ಆಕೆ ಬರುವವರೆಗೆ ನಮ್ಮ ಓಣಿಯ ನೆಟ್ ಪಂಡಿತ ನಾನೇ ಆಗಿದ್ದೆ.

ಯಾರ ಮನೆಯ ವೈಫೈ ನಿಂತರೂ ನನಗೇ ಕರೆ. ಹೋಗಿ, ಗಂಭೀರವಾಗಿ ರೌಟರ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡುತ್ತಿದ್ದೆ. ನೆಟ್ ಬಂದರೆ ಚಹಾ. ಬರದಿದ್ದರೆ, "ಕಂಪನಿಯವರು ಬರೂತನಕ ನಮ್ಮ ಮನೀದ ಹಚ್ಚಿಕೊಂಡಿರ್ರಿ" ಎಂದು ನಮ್ಮ ಪಾಸ್‌ವರ್ಡ್ ಹಾಕಿಕೊಟ್ಟು ಬರುತ್ತಿದ್ದೆ. ಆಗ ಚಹಾದ ಜೊತೆ ಅವಲಕ್ಕಿ ಚೂಡಾ.

ಗೌತಮಿ ಜೈನಾಪುರದವಳು. ಅಪ್ಪ ಹಣಮಂತರಾಯ ಹೊಲದ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದ. ಬಿಚ್ಚುವ ಮೊದಲು ರೈತನನ್ನು ಕೂರಿಸಿ, ಯಾವ ಹೊತ್ತಿಗೆ ಕೆಟ್ಟಿತು, ಆಗ ಏನೇನು ನಡೆದಿತ್ತು ಎಂದು ಕೇಳುವುದು ಅವನ ಪದ್ಧತಿ. ಮಗಳು ಕಲಿತದ್ದು ಅದನ್ನೇ. ಬಬಲೇಶ್ವರದಲ್ಲಿ ಎರಡು ವರ್ಷ ಕಂಬ ಹತ್ತಿ ಕೇಬಲ್ ಎಳೆದಳು. ಈಗ ದುಪಟ್ಟಾ ಸೊಂಟಕ್ಕೆ ಬಿಗಿದು, ಹೆಗಲಿಗೆ ಹಳದಿ ವೈರಿನ ಸುರುಳಿ ಹಾಕಿಕೊಂಡು ಸ್ಕೂಟಿಯಲ್ಲಿ ಬಂದರೆ ಓಣಿಯ ಬಾಗಿಲುಗಳು ತಾವೇ ತೆರೆಯುತ್ತವೆ. ಪಕ್ಕದ ಮನೆಯ ಪರಸವ್ವ ಆಕೆಗೆ ಶೇಂಗಾ ಹೋಳಿಗೆ ಕೊಟ್ಟಳಂತೆ. ಶೇಂಗಾ ಹೋಳಿಗೆ! ನನಗೆ ಆ ಮನೆಯಲ್ಲಿ ಚಹಾಕ್ಕೂ ಸಕ್ಕರೆ ಕಡಿಮೆ.

ಹೀಗಿರುವಾಗ ನಮ್ಮ ಮನೆಯದೇ ಕೆಟ್ಟಿತು. ಮಗಳು ವಿಜಯಲಕ್ಷ್ಮೀ ಆನ್‌ಲೈನ್ ಆಟದ ಕಾಲೇಜು ತಂಡದ ನಾಯಕಿ. ಭಾನುವಾರ ಫೈನಲ್. ಆದರೆ ಇವಳು ಗುಂಡು ಹಾರಿಸುವ ಹೊತ್ತಿಗೆ ಎದುರಾಳಿ ಇವಳನ್ನು ಹೊಡೆದು ಮುಂದೆ ಹೋಗಿರುತ್ತಿದ್ದ. ಒತ್ತಿದ ಗುಂಡಿಯ ಸುದ್ದಿ ಆಟದ ಸರ್ವರನ್ನು ಮುಟ್ಟಿ ಬರಲು ಹಿಡಿಯುವ ಸಮಯಕ್ಕೆ ಪಿಂಗ್ ಎನ್ನುತ್ತಾರೆ; ಅದು ಮುನ್ನೂರು ಮಿಲಿಸೆಕೆಂಡ್ ದಾಟಿತ್ತು. ನಾನು ಆಫ್-ಆನ್ ಮಾಡಿದೆ. ರೌಟರನ್ನು ಗೋಡೆಯ ಗೂಡಿನಿಂದ ಫ್ರಿಜ್ ಮೇಲೆ, ಅಲ್ಲಿಂದ ದೇವರ ಜಗುಲಿಯ ಪಕ್ಕಕ್ಕೆ ಏರಿಸಿದೆ.

"ಅಪ್ಪಾ, ಗೌತಮಿ ಅಕ್ಕಗ ಫೋನ್ ಹಚ್ಚು."

"ಮನ್ಯಾಗ ನಾ ಇರೂಮುಂದ ಆಕಿ ಯಾಕ ಬೇಕ?"

"ನೀ ಇದ್ದೀ ಅಂತನ ಬೇಕಾಗ್ಯಾಳ."

ಕರೆದೆ. "ಗಾಡಿ ಹಿಂದಿನ ಓಣ್ಯಾಗ ನಿಲ್ಲಸವ್ವಾ" ಎಂದೂ ಹೇಳಿದೆ.

ಗೌತಮಿ ಬಂದವಳು ರೌಟರ್ ಮುಟ್ಟಲೇ ಇಲ್ಲ. "ಯಾವಾಗ ಜಾಸ್ತಿ ಆಗ್ತದ ತಂಗಿ?"

"ಸಂಜಿ ಏಳರ ಮ್ಯಾಲ. ರವಿವಾರ ದಿನಪೂರ್ತಿ."

ಹಳದಿ ವೈರನ್ನು ರೌಟರಿನಿಂದ ನೇರ ಮಗಳ ಲ್ಯಾಪ್‌ಟಾಪಿಗೆ ಚುಚ್ಚಿದಳು. ಪಿಂಗ್ ಹಾಗೇ ಇತ್ತು. "ಅಂದ್ರ ಗ್ವಾಡಿದು ತಪ್ಪಿಲ್ಲ, ದೇವ್ರದೂ ತಪ್ಪಿಲ್ಲ" ಎಂದು ತನ್ನ ಫೋನಿನಲ್ಲಿ ಏನೋ ತೆರೆದಳು. "ಕಾಕಾ, ಮನ್ಯಾಗ ಎಷ್ಟು ಮಂದಿ ಅದೀರಿ?"

"ಮೂರ ಮಂದಿ."

"ಇಲ್ಲಿ ನಿಮ್ಮ ನೆಟ್‌ಗೆ ಹದಿನೇಳು ಫೋನು-ಟಿವಿ ಹತ್ಯಾವಲ್ರಿ?"

ಬಗ್ಗಿ ನೋಡಿದೆ. ಎದುರು ಮನೆಯ ಶಂಕ್ರೆಪ್ಪನ ಟಿವಿ. ಫಯಾಜನ ಅಂಗಡಿಯ ಕ್ಯಾಮೆರಾ. ಪರಸವ್ವನ ಮನೆಯ ನಾಲ್ಕು ಫೋನು. ನಾನು ರಿಪೇರಿ ಮಾಡಿದ ಮನೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು.

"ಗೇಮಿಂದು ಬರೇ ಚೀಟಿ ಇದ್ದಂಗ, ಕಾಕಾ. ಟಿವಿ, ಕ್ಯಾಮೆರಾ ಅಂದ್ರ ಚೀಲಾ. ತಿಕೋಟಾಕ್ಕ ಹೋಗೂ ಟಂಟಂ ಆಟೋ ಬಾಗಲದಾಗ ಚೀಲಾ ಒಟ್ಟಿದ್ರ ಚೀಟಿ ಹಿಡದಾಂವ ಹೆಂಗ ಒಳಗ ಹೋಗ್ಬೇಕ್ರಿ?"

ಪಾಸ್‌ವರ್ಡ್ ಬದಲಾಯಿಸಿದಳು. ಪಿಂಗ್ ಇಪ್ಪತ್ತೆಂಟು. ಮಗಳು ಆಕೆಯನ್ನು ತಬ್ಬಿಕೊಂಡಳು. ನನ್ನನ್ನು ತಬ್ಬಿದ್ದು ಹತ್ತನೆಯ ಇಯತ್ತೆಯ ರಿಸಲ್ಟಿನ ದಿನ.

ಐದು ನಿಮಿಷವೂ ಆಗಿರಲಿಲ್ಲ, ಬಾಗಿಲಲ್ಲಿ ಶಂಕ್ರೆಪ್ಪ. "ಸಾಹೇಬ್ರ, ನೆಟ್ ಹೋತ್ರಿ! ಲಗೂ ಬರ್ರಿ!"

ಗೌತಮಿ ಓಣಿಗೆ ಬಂದ ನಾಲ್ಕು ತಿಂಗಳಲ್ಲಿ ನನಗೆ ಮೊದಲ ಕರೆ! ನನಗರಿವಿಲ್ಲದೆ ಕಾಲು ಚಪ್ಪಲಿಯೊಳಗೆ ಹೋಗಿತ್ತು. ಹೊಸ ಪಾಸ್‌ವರ್ಡ್ ನಾಲಿಗೆಯ ತುದಿಯಲ್ಲಿತ್ತು. ಅದೊಂದನ್ನು ಹೇಳಿದರೆ ನನ್ನ ಚಹಾ, ನನ್ನ ಚೂಡಾ, ನನ್ನ ಕಾಲ ಎಲ್ಲ ಮರಳಿ ಬರುತ್ತಿತ್ತು. ಹಿಂದಿನಿಂದ ಮಗಳು ನೋಡುತ್ತಿದ್ದಳು.

"ಗೌತಮಿ ಒಳಗ ಅದಾಳ, ಶಂಕ್ರೆಪ್ಪಾ. ಆಕಿನ್ನ ಕರ್ಕೊಂಡ ಹೋಗು."

"ಅಲಲಲ! ನಿಮ್ಮ ಮನಿಗೂ ಆಕಿನ ಬರಬೇಕಾತೇನ್ರಿ?" ಎಂದು ಅವನು ಓಣಿಗೆಲ್ಲ ಕೇಳುವಂತೆ ನಕ್ಕ.

ಭಾನುವಾರ ಮಗಳ ತಂಡ ಗೆದ್ದಿತು. ಪೇಡೆಯ ಮೊದಲ ಡಬ್ಬಿ ಸ್ಟೇಷನ್ ರಸ್ತೆಯ ಗೌತಮಿಯ ಅಂಗಡಿಗೆ ಹೋಯಿತು. ಬೈಕ್ ಓಡಿಸಿದವನು ನಾನೇ. ಮಗಳು ಕುಣಿಯುತ್ತ ಅಂಗಡಿಯೊಳಗೆ ಹೋದಳು. ನಾನು ಹೆಲ್ಮೆಟ್ ತೆಗೆಯದೆ ಹೊರಗೇ ಕುಳಿತೆ.